ತರಕಾರಿ ಅಗ್ಗವಾದಾಗ ಯಾಕೆ ಯಾರೂ ಮಾತಾಡಲ್ಲ?

2024ರ ಅಕ್ಟೋಬರ್‌ನಲ್ಲಿ ನಮ್ಮ ದೇಶದ ತರಕಾರಿ ಬೆಲೆ ಹಿಂದಿನ ವರ್ಷದ ಅಕ್ಟೋಬರ್‌ಗಿಂತ ಶೇ 42.18ರಷ್ಟು ಜಾಸ್ತಿ ಇತ್ತು. ಸರಿಯಾಗಿ ಒಂದು ವರ್ಷ ಕಳೆದು 2025ರ ಅಕ್ಟೋಬರ್ ಬಂದಾಗ ಶೇ 27.57ರಷ್ಟು ಕಮ್ಮಿ ಇತ್ತು. ಮೊದಲ ಸಲ ಟಿವಿಯಲ್ಲಿ ದಿನವಿಡೀ ಚರ್ಚೆ ನಡೆಯಿತು. ಗೃಹಿಣಿಯರನ್ನು ಮಾತಾಡಿಸಿದರು, ಹೋಟೆಲ್ ನಡೆಸುವವರನ್ನು ಮಾತಾಡಿಸಿದರು. ಎರಡನೇ ಸಲ ಬಂದಿದ್ದು ಒಂದೇ ಸಾಲಿನ ಸುದ್ದಿ: ಚಿಲ್ಲರೆ ಹಣದುಬ್ಬರ ಶೇ 0.25ಕ್ಕೆ ಇಳಿದಿದೆ, 2012ನ್ನು ಆಧಾರ ವರ್ಷ ಮಾಡಿಕೊಂಡ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಇಷ್ಟು ಕೆಳಗೆ ಹೋಗಿದ್ದು ಇದೇ ಮೊದಲು. ಒಳ್ಳೆ ಸುದ್ದಿ ಅಂತಲೇ ಎಲ್ಲರೂ ಓದಿದರು. ತಿಂಗಳ ಸಂಬಳದಲ್ಲಿ ಮನೆ ನಡೆಸುವವರಿಗೆ ಅದು ಒಳ್ಳೆ ಸುದ್ದಿಯೇ.

ಆದರೆ ತರಕಾರಿ ಬೆಲೆ ಕಾಲು ಭಾಗಕ್ಕಿಂತ ಜಾಸ್ತಿ ಬಿದ್ದಿದೆ ಅಂದರೆ, ಆ ಹಣ ಯಾರದೋ ಕೈಗೆ ಬರುವುದು ತಪ್ಪಿದೆ ಅಂತ ಅರ್ಥ. ಅದರಲ್ಲಿ ಒಂದಷ್ಟು ಲೆಕ್ಕದ ಆಟ ಇದೆ, ನಿಜ. ಹಿಂದಿನ ವರ್ಷ ಬೆಲೆ ತುಂಬಾ ಮೇಲಿದ್ದರಿಂದ ಈ ವರ್ಷದ್ದು ಇನ್ನಷ್ಟು ಕೆಳಗೆ ಕಾಣುತ್ತದೆ. ಅಷ್ಟು ಬಿಟ್ಟರೂ, ಆ ತಿಂಗಳಲ್ಲಿ ಚಿತ್ರದುರ್ಗ, ಗದಗ, ವಿಜಯಪುರದ ಕಡೆ ಈರುಳ್ಳಿ ಬೆಳೆದವರನ್ನು ಕೇಳಿದ್ದರೆ ಹಣದುಬ್ಬರ ಇಳಿದ ಸುದ್ದಿಗೆ ಬೇರೆಯದೇ ಮುಖ ಕಾಣುತ್ತಿತ್ತು.

ಬೆಲೆ ಏರಿದರೆ ಕಾಯಿಲೆ, ಇಳಿದರೆ ವಾಸಿ. ನಾವು ಹೀಗೆ ಅಂದುಕೊಂಡುಬಿಟ್ಟಿದ್ದೇವೆ. ಸರ್ಕಾರಗಳೂ ಹಾಗೇ ಅಂದುಕೊಂಡಿವೆ. ಏರಿದಾಗ ಓಡಿ ಬರುತ್ತವೆ, ಬಿದ್ದಾಗ ಸುಮ್ಮನಿರುತ್ತವೆ. ನನಗೆ ಅನ್ನಿಸುವುದು ಏನೆಂದರೆ, ಮುಂದಿನ ಏರಿಕೆ ಹುಟ್ಟುವುದೇ ಈ ಬಿದ್ದ ಬೆಲೆಯ ಹೊತ್ತಲ್ಲಿ. ಅದನ್ನು ತಡೆಯಬೇಕು ಅಂದರೆ ಟೊಮೆಟೊ ಕೆಜಿಗೆ 5 ರೂಪಾಯಿ ಆದಾಗ ಏನಾದರೂ ಮಾಡಬೇಕು. 100 ರೂಪಾಯಿ ಆದಮೇಲೆ ಮಾಡುವುದು ಏನೂ ಉಳಿದಿರುವುದಿಲ್ಲ.

ಇದನ್ನು ನಾನು ಕಣ್ಣಾರೆ ಕಂಡಿದ್ದು 2023ರ ಏಪ್ರಿಲ್ ಕೊನೆಯಲ್ಲಿ. ಕೋಲಾರದ ಕಡೆ ನಮ್ಮ ನೆಂಟರ ಊರಿಗೆ ಹೋಗಿದ್ದೆ. ಊರ ಹೊರಗೆ ಒಂದೂವರೆ ಎಕರೆ ಟೊಮೆಟೊ ತೋಟ. ಗೂಟ ನೆಟ್ಟು, ದಾರ ಕಟ್ಟಿ, ಡ್ರಿಪ್ ಪೈಪ್ ಎಳೆದು, ಮಲ್ಚಿಂಗ್ ಶೀಟ್ ಹಾಸಿ ಬೆಳೆದ ಬೆಳೆ. ಗಿಡದ ತುಂಬಾ ಹಣ್ಣು. ಕೆಳಗಿನ ಗೊಂಚಲು ಕಳಿತು ಒಡೆದು ಶೀಟಿನ ಮೇಲೆ ರಸ ಸೋರುತ್ತಿತ್ತು. ಹುಳಿ ಹುಳಿ ವಾಸನೆ, ಅದರ ಮೇಲೆ ಸಣ್ಣ ನೊಣಗಳು. ತೋಟದ ಯಜಮಾನರು ಬದುವಿನ ಮೇಲೆ ಕೂತಿದ್ದರು.

“ಯಾಕಣ್ಣಾ, ಕೀಳಿಸಲಿಲ್ವಾ?” ಅಂತ ಕೇಳಿದೆ.

“ಕೀಳಿಸಿದ್ರೆ ಕೂಲಿ ನಾನು ಕೈಯಿಂದ ಹಾಕಬೇಕು ಕಣಪ್ಪಾ. ಬಿಟ್ರೆ ಬರೀ ಬೆಳೆ ಹೋಗುತ್ತೆ, ಅಷ್ಟೇ” ಅಂದರು.

ಔಷಧಿ ಹೊಡೆಯುವುದನ್ನು ಅವರು ಹದಿನೈದು ದಿನದ ಹಿಂದೆಯೇ ನಿಲ್ಲಿಸಿದ್ದರು. ಮುಂದಿನ ವಾರ ಗೂಟ ಕಿತ್ತು ದನ ಬಿಡುವ ಯೋಚನೆ ಇತ್ತು. ಬೇಸಿಗೆ ಬೆಳೆ ಹಾಕುವುದಿಲ್ಲ ಅಂದರು.

ಟೊಮೆಟೊ ಲೆಕ್ಕ ಗೊತ್ತಿದ್ದವರಿಗೆ ಈ ಮಾತಿನ ಭಾರ ತಿಳಿಯುತ್ತದೆ. ನರ್ಸರಿಯಲ್ಲಿ ಸಸಿ ತಯಾರಾಗಲು ಸುಮಾರು 25 ದಿನ. ಹೊಲದಲ್ಲಿ ನೆಟ್ಟು ಮೊದಲ ಕೊಯ್ಲಿಗೆ 60ರಿಂದ 70 ದಿನ. ಆಮೇಲೆ ಒಂದೂವರೆ ಎರಡು ತಿಂಗಳು ಬಿಟ್ಟು ಬಿಟ್ಟು ಕೀಳಬೇಕು. ಅಂದರೆ ಇವತ್ತು ರೈತ ತೆಗೆದುಕೊಳ್ಳುವ ತೀರ್ಮಾನ ಮಾರುಕಟ್ಟೆಗೆ ಕಾಣುವುದು ಮೂರು ತಿಂಗಳ ನಂತರ. ಅವನ ಹತ್ತಿರ ಇರುವ ಒಂದೇ ಸುಳಿವು ಇವತ್ತಿನ ಬೆಲೆ. ಬೆಲೆ ಚೆನ್ನಾಗಿದ್ದರೆ ಅವನೂ ನೆಡುತ್ತಾನೆ, ಪಕ್ಕದವನೂ ನೆಡುತ್ತಾನೆ, ಮದನಪಲ್ಲಿಯವನೂ ನಾಸಿಕದವನೂ ನೆಡುತ್ತಾರೆ. ಎಲ್ಲರ ಹಣ್ಣೂ ಒಟ್ಟಿಗೆ ಬರುತ್ತದೆ. ಬೆಲೆ ಬಿದ್ದಿದ್ದರೆ ಎಲ್ಲರೂ ಒಟ್ಟಿಗೆ ಕೈಬಿಡುತ್ತಾರೆ. ಯಾರೂ ದಡ್ಡರಲ್ಲ. ಒಬ್ಬೊಬ್ಬರ ತೀರ್ಮಾನವೂ ಸರಿಯಾಗೇ ಇದೆ. ಎಲ್ಲ ಸೇರಿದಾಗ ತಪ್ಪಾಗುತ್ತದೆ.

2023ರಲ್ಲಿ ಅದೇ ಆಯಿತು. ಬೇಸಿಗೆಯಲ್ಲಿ ಸುಮಾರು ಕಡೆ ರೈತರು ತೋಟ ಬಿಟ್ಟರು, ಕೆಲವರು ಬೀನ್ಸ್ ಕಡೆ ಹೋದರು. ಇದ್ದ ಬೆಳೆಗೆ ಎಲೆ ಮುಟುರು ರೋಗ ಬಂತು. ಬಿಳಿ ನೊಣ ಹರಡುವ ವೈರಸ್ ಅದು, ಒಮ್ಮೆ ಹತ್ತಿದರೆ ಔಷಧಿಯಿಂದ ಗುಣವಾಗುವುದಿಲ್ಲ. ಆಮೇಲೆ ಮಳೆ. ಜುಲೈ, ಆಗಸ್ಟ್ ಮಾಮೂಲಿಯಾಗಿಯೇ ಟೊಮೆಟೊ ಕಮ್ಮಿ ಇರುವ ತಿಂಗಳು. ಉತ್ತರ ಭಾರತದ ಬಯಲಿನಲ್ಲಿ ಆಗ ಬೆಳೆ ಇರುವುದಿಲ್ಲ, ಕರ್ನಾಟಕ, ಆಂಧ್ರ, ಮಹಾರಾಷ್ಟ್ರ, ಹಿಮಾಚಲದ ಕಡೆಯಿಂದಲೇ ಹೋಗಬೇಕು. ಎಲ್ಲ ಒಟ್ಟಾಗಿ ಹೊಡೆಯಿತು. ಕೋಲಾರದಲ್ಲಿ 15 ಕೆಜಿಯ ಬಾಕ್ಸ್ 2,000 ರೂಪಾಯಿ ದಾಟಿತು. ದೇಶದ ಕೆಲವು ಊರುಗಳಲ್ಲಿ ಕೆಜಿ 200 ಮೀರಿತು. ಟೊಮೆಟೊ ಬೆಳೆದು ಲಕ್ಷಾಧೀಶರಾದವರ ಫೋಟೋ ಪೇಪರ್‌ನಲ್ಲಿ ಬಂತು. ನಾನು ಬದುವಿನ ಮೇಲೆ ಕಂಡ ಯಜಮಾನರ ಹತ್ತಿರ ಮಾರಲು ಒಂದು ಹಣ್ಣೂ ಇರಲಿಲ್ಲ.

ಆ ಬೆಲೆ ನೋಡಿ ಮತ್ತೆ ಎಲ್ಲರೂ ನೆಟ್ಟರು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲ ಕಚ್ಚಿತು. ರೈತರು ಟೊಮೆಟೊವನ್ನು ರಸ್ತೆ ಬದಿಗೆ ಸುರಿಯುವ ವಿಡಿಯೋಗಳು ಬಂದವು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಆರೇ ತಿಂಗಳು. ಅಷ್ಟರಲ್ಲಿ ಚಕ್ರ ಒಂದು ಸುತ್ತು ಹಾಕಿತ್ತು.

ಮೂರನೇ ಒಂದು ಭಾಗದ ಒಳಗೆ ಏನಿದೆ

ಗಿರಾಕಿ ಕೊಡುವ ಒಂದು ರೂಪಾಯಿಯಲ್ಲಿ ರೈತನಿಗೆ ಎಷ್ಟು ಸೇರುತ್ತದೆ? ಆರ್‌ಬಿಐ 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ಅಧ್ಯಯನ ಪತ್ರಗಳಲ್ಲಿ ಇದಕ್ಕೆ ಲೆಕ್ಕ ಇದೆ. ಟೊಮೆಟೊಗೆ ಸುಮಾರು 33 ಪೈಸೆ, ಈರುಳ್ಳಿಗೆ 36, ಆಲೂಗಡ್ಡೆಗೆ 37. ಉಳಿದ ಮೂರನೇ ಎರಡು ಭಾಗ ದಾರಿಯಲ್ಲಿ ಹೋಗುತ್ತದೆ. ಇದನ್ನು ಓದಿದ ತಕ್ಷಣ ನಮ್ಮ ಬಾಯಿಗೆ ಬರುವ ಮಾತು “ಎಲ್ಲ ದಲ್ಲಾಳಿಗಳ ಆಟ” ಅಂತ.

ಅರ್ಧ ನಿಜ. ಕರ್ನಾಟಕದ ಎಪಿಎಂಸಿ ಕಾಯ್ದೆಯ ಪ್ರಕಾರ ರೈತನಿಂದ ಕಮಿಷನ್ ಹಿಡಿಯುವಂತಿಲ್ಲ, ಕೊಳ್ಳುವವನಿಂದ ತೆಗೆದುಕೊಳ್ಳಬೇಕು. ಹಾಗಿದ್ದರೂ ಮಂಡಿಗೆ ಮಾಲು ಹಾಕಿದ ರೈತನಿಗೆ ಬಿಳಿ ಚೀಟಿಯಲ್ಲಿ ನೂರಕ್ಕೆ ಹತ್ತು ಮುರಿದುಕೊಂಡು ಕೊಡುವುದು ಯಾರಿಗೂ ಹೊಸದಲ್ಲ. ಅಧಿಕೃತ ರಸೀದಿ ಇಲ್ಲದ ಆ ಚೀಟಿ ಹಿಡಿದು ಯಾವ ಕಚೇರಿಗೂ ದೂರು ಕೊಡಲಾಗದು. ಇದು ಸರಿಯಲ್ಲ, ಇದನ್ನು ನಿಲ್ಲಿಸಲೇಬೇಕು. ಹಾಗೆಯೇ ಇನ್ನೊಂದನ್ನೂ ಹೇಳಬೇಕು: ಬೀಜಕ್ಕೆ, ಗೊಬ್ಬರಕ್ಕೆ, ಮಗಳ ಮದುವೆಗೆ ಕೈಗಡ ಕೊಡುವುದೂ ಅದೇ ಮಂಡಿಯವರು. ಬ್ಯಾಂಕ್ ಆ ಹೊತ್ತಿಗೆ ಬಾಗಿಲು ತೆಗೆಯುವುದಿಲ್ಲ. ಸಾಲ ಕೊಟ್ಟವರ ಮಂಡಿಗೇ ಮಾಲು ಹಾಕಬೇಕು, ಅವರು ಹಿಡಿದಷ್ಟನ್ನು ಹಿಡಿಸಿಕೊಳ್ಳಬೇಕು. ಕಮಿಷನ್‌ಗಿಂತ ಈ ಕಟ್ಟು ದೊಡ್ಡದು.

ಉಳಿದರ್ಧ ಇನ್ನೂ ಮುಖ್ಯ. ಲೆಕ್ಕಕ್ಕೆ ಅಂತ ಒಂದು ಬಾಕ್ಸ್ ಹಿಡಿಯೋಣ, ನನ್ನದೇ ಅಂದಾಜಿನ ಅಂಕಿಗಳು. 15 ಕೆಜಿ. ಕೀಳುವ ಕೂಲಿ, ಟೆಂಪೋ ಬಾಡಿಗೆ, ಹಮಾಲಿ, ಕ್ರೇಟ್ ಎಲ್ಲ ಸೇರಿ 45 ರೂಪಾಯಿ. ಮೇಲೆ ನೂರಕ್ಕೆ ಹತ್ತು ಕಮಿಷನ್. ಹರಾಜಿನಲ್ಲಿ ಬಾಕ್ಸ್ 600ಕ್ಕೆ ಹೋದರೆ 105 ರೂಪಾಯಿ ಕಳೆದು ರೈತನ ಕೈಯಲ್ಲಿ 495 ಉಳಿಯುತ್ತದೆ, ಕೆಜಿಗೆ 33. ಅದೇ ಬಾಕ್ಸ್ 90ಕ್ಕೆ ಹೋದರೆ 54 ಕಳೆದು ಉಳಿಯುವುದು 36. ಕೆಜಿಗೆ 2 ರೂಪಾಯಿ 40 ಪೈಸೆ. ಬಾಕ್ಸ್ 50 ಆದರೆ ಉಳಿಯುವುದು ಸೊನ್ನೆ. ಗಿಡದಿಂದ ಹಣ್ಣು ಕೀಳದೇ ಬಿಡುವುದು ಈ ಗೆರೆಯ ಹತ್ತಿರ. ಎಕರೆಗೆ ಲಕ್ಷದ ಮೇಲೆ ಹಾಕಿದ ಖರ್ಚು ಈ ಲೆಕ್ಕದಲ್ಲಿ ಸೇರಿಯೇ ಇಲ್ಲ, ನೋಡಿ. ಬರೀ ಕಿತ್ತು ಸಾಗಿಸುವ ಖರ್ಚಿನ ಮಾತಿದು.

ಮಂಡಿಯಿಂದ ಆಚೆಗೂ ಹೀಗೇ. ಲಾರಿ ಬಾಡಿಗೆ, ಇಳಿಸುವ ಕೂಲಿ, ಆರಿಸುವುದು, ಅಂಗಡಿ ಬಾಡಿಗೆ, ಕೊಳೆತದ್ದು. ಟೊಮೆಟೊ ಕೆಜಿಗೆ 6 ಆದರೂ 40 ಆದರೂ ಡೀಸೆಲ್ ಅಷ್ಟೇ ಬೇಕು, ಹಮಾಲಿಗೆ ಅಷ್ಟೇ ಕೊಡಬೇಕು. ಈ ಆಚೆಯ ಖರ್ಚು, ಲಾಭ ಎಲ್ಲ ಸೇರಿ ಕೆಜಿಗೆ ಸುಮಾರು 14 ರೂಪಾಯಿ ಅಂತ ಇಟ್ಟುಕೊಂಡರೆ, ಮಂಡಿಯಲ್ಲಿ 6 ರೂಪಾಯಿ ಇದ್ದಾಗ ಗಿರಾಕಿಗೆ 20. ಅದರಲ್ಲಿ ರೈತನಿಗೆ ಸಿಕ್ಕಿದ್ದು 2.40, ಅಂದರೆ ರೂಪಾಯಿಗೆ 12 ಪೈಸೆ. ಮಂಡಿಯಲ್ಲಿ 40 ಇದ್ದಾಗ ಗಿರಾಕಿಗೆ 55ರ ಆಸುಪಾಸು. ಅದರಲ್ಲಿ ರೈತನಿಗೆ 33, ರೂಪಾಯಿಗೆ 60 ಪೈಸೆ.

ಹಾಗಾಗಿ 33 ಪೈಸೆ ಅನ್ನುವುದು ಸರಾಸರಿ ಮಾತ್ರ. ಬೆಲೆ ಬಿದ್ದ ದಿನ ಪೂರ್ತಿ ಹೊಡೆತ ಬೀಳುವುದು ಹೊಲದ ಮೇಲೆ, ಯಾಕೆಂದರೆ ದಾರಿಯಲ್ಲಿ ಇರುವವರ ಖರ್ಚು ಇಳಿಯುವುದಿಲ್ಲ. ನಮಗೆ ಅಂಗಡಿಯಲ್ಲಿ 40 ಇದ್ದದ್ದು 20 ಆಯಿತು ಅಂತ ಕಾಣುತ್ತದೆ. ಅರ್ಧ ಇಳಿಯಿತು ಅಂದುಕೊಳ್ಳುತ್ತೇವೆ. ಹೊಲದಲ್ಲಿ ಅದು ಹತ್ತರಲ್ಲಿ ಒಂಬತ್ತು ಪಾಲು ಇಳಿದಿರಬಹುದು.

ತಳ್ಳುಗಾಡಿಯವರ ಪಾಡನ್ನೂ ಹೇಳದೇ ಹೋದರೆ ತಪ್ಪಾಗುತ್ತದೆ. ಬೆಳಗಿನ ಜಾವ ಮೂರಕ್ಕೆ ಎದ್ದು ಮಾರ್ಕೆಟ್‌ಗೆ ಹೋಗಿ ಎರಡು ಬಾಕ್ಸ್ ತರುತ್ತಾರೆ. ಕೆಳಗಿನ ಸಾಲಿನ ಹಣ್ಣು ಅಮುಕಿ ಹೋಗಿರುತ್ತದೆ. ಗಿರಾಕಿ ಪ್ರತಿ ಹಣ್ಣನ್ನೂ ಒತ್ತಿ ನೋಡಿ ಬದಿಗಿಡುತ್ತಾರೆ. ಸಂಜೆ ಹೊತ್ತಿಗೆ ಬಾಕ್ಸ್‌ನಲ್ಲಿ ಎರಡು ಕೆಜಿ ಹೋದಂತೆಯೇ. ಉಳಿದ ಹದಿಮೂರು ಕೆಜಿಯಲ್ಲಿ ಅಸಲು, ಗಾಡಿ ಬಾಡಿಗೆ, ಮನೆ ಖರ್ಚು ಎಲ್ಲ ಹುಟ್ಟಬೇಕು. ಬಂಡವಾಳಕ್ಕೆ ಬೆಳಿಗ್ಗೆ 900 ತೆಗೆದುಕೊಂಡು ಸಂಜೆ 1,000 ಕೊಡುವವರು ಇದ್ದಾರೆ. ದಿನಕ್ಕೆ ನೂರು ರೂಪಾಯಿ ಬಡ್ಡಿ! ಇದಕ್ಕೆಂದೇ 2018ರಲ್ಲಿ ರಾಜ್ಯ ಸರ್ಕಾರ ಬಡವರ ಬಂಧು ಅಂತ ಬಡ್ಡಿ ಇಲ್ಲದ ಸಾಲ ಕೊಡಲು ಶುರು ಮಾಡಿತು, 2020ರಲ್ಲಿ ಕೇಂದ್ರದ ಸ್ವನಿಧಿ ಯೋಜನೆ 10,000 ರೂಪಾಯಿಯ ಸಾಲ ತಂದಿತು. ಒಳ್ಳೆಯ ಕೆಲಸ. ನಾವು ಕೆಜಿಗೆ ಕೊಡುವ ಇಪ್ಪತ್ತು ರೂಪಾಯಿಯಲ್ಲಿ ಒಂದಷ್ಟು ಈ ಬಡ್ಡಿಗೂ ಹೋಗುತ್ತಿದೆ ಅನ್ನುವುದು ಚೌಕಾಸಿ ಮಾಡುವಾಗ ನಮಗೆ ಕಾಣುವುದಿಲ್ಲ.

ದೊಡ್ಡ ಸೂಪರ್ ಮಾರ್ಕೆಟ್‌ಗಳು, ಹತ್ತು ನಿಮಿಷದಲ್ಲಿ ತರಕಾರಿ ತಲುಪಿಸುವ ಆಪ್‌ಗಳು ಬಂದಮೇಲೆ ಈ ದಾರಿ ಚಿಕ್ಕದಾಗಿದೆಯಾ? ಸ್ವಲ್ಪ. ಅವರು ಹಳ್ಳಿ ಹತ್ತಿರ ಖರೀದಿ ಕೇಂದ್ರ ಇಟ್ಟು ತೂಕ ಸರಿಯಾಗಿ ಹಾಕುತ್ತಾರೆ, ಬ್ಯಾಂಕ್ ಖಾತೆಗೆ ದುಡ್ಡು ಹಾಕುತ್ತಾರೆ. ಆದರೆ ತೆಗೆದುಕೊಳ್ಳುವುದು ಆರಿಸಿದ ಒಳ್ಳೆ ಹಣ್ಣು ಮಾತ್ರ. ಉಳಿದದ್ದನ್ನು ರೈತ ಮತ್ತೆ ಮಂಡಿಗೇ ಹೊರಬೇಕು. ಅವರು ಕೊಡುವ ದರವನ್ನೂ ಸಾಮಾನ್ಯವಾಗಿ ಆ ದಿನದ ಮಂಡಿ ದರ ನೋಡಿಯೇ ಗೊತ್ತು ಮಾಡುತ್ತಾರೆ. ಮಂಡಿ ಬಿದ್ದರೆ ಅಲ್ಲೂ ಬಿತ್ತು.

2020ರಲ್ಲಿ ಮೂರು ಕೃಷಿ ಕಾಯ್ದೆ ಬಂದು, 2021ರ ನವೆಂಬರ್‌ನಲ್ಲಿ ವಾಪಸ್ ಹೋದವು. ಆಗ ನಡೆದ ಜಗಳದಲ್ಲಿ ದೊಡ್ಡ ಪಾಲು ಮಂಡಿ ಒಳಗೆ ಮಾರಬೇಕೋ ಹೊರಗೆ ಮಾರಬೇಕೋ ಅನ್ನುವುದರ ಸುತ್ತ ಇತ್ತು. ಬಿಹಾರ 2006ರಲ್ಲೇ ಎಪಿಎಂಸಿ ಕಾಯ್ದೆ ತೆಗೆದು ಹಾಕಿದೆ. ಅದರಿಂದ ಅಲ್ಲಿನ ತರಕಾರಿ ರೈತನ ಕೈ ತುಂಬಲಿಲ್ಲ. ಇವತ್ತೇ ಮಾರದಿದ್ದರೆ ನಾಳೆ ಕೊಳೆಯುವ ಮಾಲು ಹಿಡಿದು ನಿಂತವನಿಗೆ ಗೇಟಿನ ಒಳಗೂ ಹೊರಗೂ ಅಂಥ ವ್ಯತ್ಯಾಸ ಇಲ್ಲ.

ಈರುಳ್ಳಿ: ಸರ್ಕಾರ ಯಾವಾಗ ಎದ್ದೇಳುತ್ತದೆ

ಸರ್ಕಾರ ಏನೂ ಮಾಡುವುದಿಲ್ಲ ಅಂದರೆ ತಪ್ಪು. ಬಹಳ ಬೇಗ ಮಾಡುತ್ತದೆ, ಬೆಲೆ ಏರಿದಾಗ. 2023ರ ಜುಲೈನಲ್ಲಿ ಟೊಮೆಟೊ ಕೈಗೆ ಸಿಗದೇ ಹೋದಾಗ ಕೇಂದ್ರ ಸರ್ಕಾರ ಎನ್‌ಸಿಸಿಎಫ್ ಮತ್ತು ನಾಫೆಡ್ ಅನ್ನುವ ಸಹಕಾರ ಸಂಸ್ಥೆಗಳ ಮೂಲಕ ಕೋಲಾರ, ಮದನಪಲ್ಲಿ, ಮಹಾರಾಷ್ಟ್ರದ ಕಡೆಯಿಂದ ಖರೀದಿ ಮಾಡಿ ದೆಹಲಿ ಮತ್ತು ಬೇರೆ ಊರುಗಳಲ್ಲಿ ವ್ಯಾನ್ ನಿಲ್ಲಿಸಿ ಮಾರಿತು. ಕೆಜಿಗೆ 90ರಿಂದ ಶುರು ಮಾಡಿ 80, 70, ಆಗಸ್ಟ್‌ನಲ್ಲಿ 50, 40ಕ್ಕೆ ಇಳಿಸಿತು. ಸೆಪ್ಟೆಂಬರ್‌ನಲ್ಲಿ ಬೆಲೆ ಕುಸಿದಾಗ ಅಂಥ ವ್ಯಾನ್ ಯಾವ ಹೊಲದ ಹತ್ತಿರವೂ ಬರಲಿಲ್ಲ.

ಈರುಳ್ಳಿಯ ಕತೆ ಇನ್ನೂ ಸ್ಪಷ್ಟ. 2023ರ ಆಗಸ್ಟ್‌ನಲ್ಲಿ ರಫ್ತಿಗೆ ಶೇ 40 ಸುಂಕ. ಅಕ್ಟೋಬರ್ ಕೊನೆಗೆ ಟನ್ನಿಗೆ 800 ಡಾಲರ್ ಕನಿಷ್ಠ ರಫ್ತು ಬೆಲೆ. ಡಿಸೆಂಬರ್ 8ಕ್ಕೆ ರಫ್ತೇ ಬಂದ್. ಆ ನಿಷೇಧ ತೆಗೆದಿದ್ದು 2024ರ ಮೇ 4ರಂದು, ಅದೂ ಶೇ 40 ಸುಂಕ ಉಳಿಸಿಕೊಂಡು. ಸೆಪ್ಟೆಂಬರ್‌ನಲ್ಲಿ ಅದನ್ನು ಶೇ 20ಕ್ಕೆ ಇಳಿಸಿದರು. ಪೂರ್ತಿ ತೆಗೆದಿದ್ದು 2025ರ ಏಪ್ರಿಲ್ 1ಕ್ಕೆ. ಬಾಗಿಲು ಮುಚ್ಚಲು ನಾಲ್ಕು ತಿಂಗಳು ಸಾಕಾಯಿತು, ಪೂರ್ತಿ ತೆರೆಯಲು ಹದಿನಾರು ತಿಂಗಳು ಬೇಕಾಯಿತು. ಅಷ್ಟರಲ್ಲಿ ಹೊರದೇಶದ ಗಿರಾಕಿಗಳು ಬೇರೆ ಕಡೆ ಖರೀದಿ ಮಾಡಲು ಕಲಿತಿರುತ್ತಾರೆ. ಅವರನ್ನು ವಾಪಸ್ ಕರೆಯುವುದು ಸುಲಭವಲ್ಲ.

ಇದರಲ್ಲಿ ನಮ್ಮ ರಾಜ್ಯಕ್ಕೆ ಬೀಳುವ ಇನ್ನೊಂದು ಏಟು ಇದೆ. ಹೆಚ್ಚು ಜನ ಇದರ ಬಗ್ಗೆ ಮಾತಾಡುವುದಿಲ್ಲ. ಮಹಾರಾಷ್ಟ್ರದ ಹಿಂಗಾರು ಈರುಳ್ಳಿ ಏಪ್ರಿಲ್‌ನಿಂದ ಜೂನ್‌ವರೆಗೆ ಕಿತ್ತು ಗೂಡುಗಳಲ್ಲಿ ಇಡುವಂಥದ್ದು, ನಾಲ್ಕೈದು ತಿಂಗಳು ತಡೆಯುತ್ತದೆ. ದೇಶದ ಈರುಳ್ಳಿಯಲ್ಲಿ ದೊಡ್ಡ ಪಾಲು ಅದೇ. ಕೇಂದ್ರ ಸರ್ಕಾರ ಬಫರ್ ದಾಸ್ತಾನು ಮಾಡುವುದೂ ಅದನ್ನೇ. 2024ರಲ್ಲಿ 4.7 ಲಕ್ಷ ಟನ್ ಇತ್ತು. ನಮ್ಮ ಚಿತ್ರದುರ್ಗ, ಗದಗ, ವಿಜಯಪುರ, ಬಾಗಲಕೋಟೆಯ ಈರುಳ್ಳಿ ಮುಂಗಾರಿನದು. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಬರುತ್ತದೆ. ನೀರಿನ ಅಂಶ ಜಾಸ್ತಿ, ಮಳೆಯಲ್ಲಿ ನೆಂದಿರುತ್ತದೆ, ಇಡಲು ಆಗುವುದಿಲ್ಲ. ಕಿತ್ತ ವಾರದಲ್ಲೇ ಯಶವಂತಪುರಕ್ಕೋ ಹುಬ್ಬಳ್ಳಿಗೋ ಲಾರಿ ಹೋಗಬೇಕು. ಹಬ್ಬದ ಸಮಯದಲ್ಲಿ ನಗರದವರಿಗೆ ಬೆಲೆ ಏರಬಾರದು ಅಂತ ಬಫರ್ ದಾಸ್ತಾನನ್ನು ಮಾರುಕಟ್ಟೆಗೆ ಬಿಡುವುದು ಸರಿಯಾಗಿ ಅದೇ ಸಮಯಕ್ಕೆ. 2024ರಲ್ಲಿ ಸೆಪ್ಟೆಂಬರ್ 5ರಿಂದ ಕೆಜಿಗೆ 35 ರೂಪಾಯಿಯಂತೆ ಮಾರಿದರು. ಒಂದು ಕಡೆಯ ರೈತನಿಂದ ಕೊಂಡ ಮಾಲು ಇನ್ನೊಂದು ಕಡೆಯ ರೈತನ ಬೆಳೆ ಬರುವ ಹೊತ್ತಿಗೆ ಎದುರು ನಿಲ್ಲುತ್ತದೆ. ಬೇಕು ಅಂತ ಮಾಡಿದ್ದಲ್ಲ ಇದು. ಕ್ಯಾಲೆಂಡರ್ ಹಾಕುವಾಗ ನಮ್ಮ ಮುಂಗಾರು ಬೆಳೆಯನ್ನು ಯಾರೂ ನೆನಪು ಮಾಡಿಕೊಂಡಿಲ್ಲ, ಅಷ್ಟೇ.

ಸರ್ಕಾರ ಯಾಕೆ ಹೀಗೆ ಗಾಬರಿ ಬೀಳುತ್ತದೆ ಅನ್ನುವುದಕ್ಕೂ ಕಾರಣ ಇದೆ. 2012ರ ಆ ಸೂಚ್ಯಂಕದಲ್ಲಿ ತರಕಾರಿಯ ಪಾಲು ನೂರಕ್ಕೆ ಆರು. ಟೊಮೆಟೊ, ಈರುಳ್ಳಿ, ಆಲೂಗಡ್ಡೆ ಮೂರೂ ಸೇರಿ ಎರಡಕ್ಕಿಂತ ಸ್ವಲ್ಪ ಜಾಸ್ತಿ. ಇಷ್ಟು ಸಣ್ಣ ಪಾಲು ಇಡೀ ಹಣದುಬ್ಬರವನ್ನು ಎಳೆದುಕೊಂಡು ಹೋಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಹಣದುಬ್ಬರ ಶೇ 6.21 ಆಗಿ ಆರ್‌ಬಿಐನ ಮಿತಿ 6ನ್ನು ದಾಟಿತು. ಬ್ಯಾಂಕ್‌ಗಳಿಗೆ ಆರ್‌ಬಿಐ ಸಾಲ ಕೊಡುವ ಬಡ್ಡಿ, ಅಂದರೆ ರೆಪೊ ದರ, 2023ರ ಫೆಬ್ರವರಿಯಿಂದ ಎರಡು ವರ್ಷ ಶೇ 6.5ರಲ್ಲೇ ನಿಂತಿತ್ತು. ಮನೆ ಸಾಲದ ಕಂತು ಇಳಿಯದೇ ಇರಲು ಒಂದು ಕಾರಣ ತರಕಾರಿ ಬುಟ್ಟಿಯಲ್ಲಿತ್ತು. ಹಾಗಾಗಿ ಹೊಲದ ಏರಿಳಿತ ಕಮ್ಮಿ ಆಗುವುದು ಸಾಲದ ಕಂತು ಕಟ್ಟುವವರಿಗೂ ಬೇಕಾದ್ದೇ.

ಹಾಲಿಗೆ ಸಾಧ್ಯವಾದದ್ದು

ಆರ್‌ಬಿಐನ ಅದೇ ಸಾಲಿನ ಅಧ್ಯಯನಗಳಲ್ಲಿ ಹಾಲಿನ ಲೆಕ್ಕವೂ ಇದೆ. ಗಿರಾಕಿ ಕೊಡುವ ರೂಪಾಯಿಯಲ್ಲಿ ಹಾಲು ಹಾಕುವವರಿಗೆ ಸುಮಾರು 70 ಪೈಸೆ. ಟೊಮೆಟೊಗಿಂತ ಎರಡು ಪಟ್ಟು. ಹಾಲು ಟೊಮೆಟೊಗಿಂತ ಬೇಗ ಕೆಡುತ್ತದೆ, ಅಲ್ವಾ? ಟೊಮೆಟೊ ನಾಲ್ಕು ದಿನ ತಡೆಯುತ್ತದೆ, ಹಾಲು ನಾಲ್ಕು ಗಂಟೆ. ಹಾಗಾದರೆ ಬೇಗ ಕೆಡುವುದೊಂದೇ ಕಾರಣ ಆಗಿರಲಾರದು.

ಬೆಳಿಗ್ಗೆ ಆರಕ್ಕೆ ಯಾವುದಾದರೂ ಹಳ್ಳಿಯ ಡೇರಿ ಮುಂದೆ ನಿಂತು ನೋಡಿ. ಕ್ಯಾನ್ ಹಿಡಿದು ಸಾಲು ನಿಂತಿರುತ್ತಾರೆ. ಪ್ರತಿಯೊಬ್ಬರ ಹಾಲನ್ನೂ ಅಳೆದು, ಸ್ವಲ್ಪ ಸ್ಯಾಂಪಲ್ ತೆಗೆದು ಫ್ಯಾಟ್ ನೋಡುತ್ತಾರೆ. ಚೀಟಿ ಬರುತ್ತದೆ. ಇವತ್ತು ಹಾಲು ಜಾಸ್ತಿ ಬಂದಿದೆ, ವಾಪಸ್ ತೆಗೆದುಕೊಂಡು ಹೋಗಮ್ಮ ಅನ್ನುವುದಿಲ್ಲ. ದರ ಮೊದಲೇ ಗೊತ್ತು. ಒಂದೇ ಹಸು ಇರುವ ಅಜ್ಜಿಗೂ ಹತ್ತು ಹಸು ಇರುವವರಿಗೂ ಅದೇ ದರ. 1970ರ ದಶಕದಲ್ಲಿ ರಾಜ್ಯದಲ್ಲಿ ಶುರುವಾದ ಈ ವ್ಯವಸ್ಥೆ, ಆಮೇಲೆ ನಂದಿನಿ ಹೆಸರಿನಲ್ಲಿ ಮನೆ ಮನೆಗೆ ಬಂತು. ಇದರ ಗುಟ್ಟು ಇರುವುದು ಹಾಲು ಜಾಸ್ತಿಯಾದಾಗ ಏನು ಮಾಡುತ್ತಾರೆ ಅನ್ನುವುದರಲ್ಲಿ. ಪುಡಿ ಮಾಡುತ್ತಾರೆ. 2013ರಲ್ಲಿ ಹಾಲಿನ ಪುಡಿ ಮಿಕ್ಕಿ ಬಿದ್ದಾಗ ಅದನ್ನು ಶಾಲೆ ಮಕ್ಕಳಿಗೆ ಕುಡಿಸಲು ಕ್ಷೀರಭಾಗ್ಯ ಶುರುವಾಯಿತು. ಹೆಚ್ಚುವರಿ ಹಾಲಿಗೆ ಹೋಗಲು ಒಂದು ಜಾಗ ಇತ್ತು, ಹಾಗಾಗಿ ಆ ಹೊರೆ ಹಸು ಸಾಕಿದವರ ತಲೆ ಮೇಲೆ ಬೀಳಲಿಲ್ಲ.

ಟೊಮೆಟೊಗೆ ಆ ಜಾಗ ಇಲ್ಲ. ಕೂಡಲೇ ಬರುವ ಸಲಹೆ: ಕೋಲಾರದಲ್ಲಿ ಒಂದು ಕೆಚಪ್ ಫ್ಯಾಕ್ಟರಿ ಹಾಕಿ. ಚುನಾವಣೆ ಬಂದಾಗಲೆಲ್ಲ ಇದು ಭಾಷಣದಲ್ಲಿ ಬರುತ್ತದೆ. ಇದರಲ್ಲಿ ಒಂದು ತೊಡಕಿದೆ. ನಾವು ಬೆಳೆಯುವ ಹೈಬ್ರಿಡ್ ತಳಿಗಳು ಸಾರು, ಪಲ್ಯ ಮಾಡಲು, ದೂರ ಸಾಗಿಸಲು ಅಂತ ಮಾಡಿದವು. ಗಟ್ಟಿ ಸಿಪ್ಪೆ, ಒಳಗೆ ನೀರು ಜಾಸ್ತಿ. ಪೇಸ್ಟ್ ಮಾಡುವವರಿಗೆ ಗಟ್ಟಿ ತಿರುಳಿನ, ಕೆಂಪು ಜಾಸ್ತಿ ಇರುವ ಹಣ್ಣು ಬೇಕು. ನೀರನ್ನು ಆವಿ ಮಾಡಲು ಅವರು ಉರುವಲಿಗೆ ದುಡ್ಡು ಕೊಡಬೇಕಲ್ಲ. ಜೊತೆಗೆ ಫ್ಯಾಕ್ಟರಿಗೆ ವರ್ಷವಿಡೀ ಒಂದೇ ತರಹದ ಕಮ್ಮಿ ದರ ಬೇಕು. ಮಂಡಿಯಲ್ಲಿ ಬಾಕ್ಸ್ 800 ಆದ ದಿನ ಯಾವ ರೈತನೂ ಒಪ್ಪಂದದ ದರಕ್ಕೆ ಫ್ಯಾಕ್ಟರಿಗೆ ಹಾಕುವುದಿಲ್ಲ, ಹಾಕಬೇಕು ಅನ್ನುವುದೂ ನ್ಯಾಯವಲ್ಲ. ಫ್ಯಾಕ್ಟರಿ ಬೇಡ ಅಂತಲ್ಲ. ಅದಕ್ಕೇ ಬೇರೆ ತಳಿ, ಬೇರೆ ರೈತರು, ಬೇರೆ ಒಪ್ಪಂದ ಬೇಕು. ಮಂಡಿಯಲ್ಲಿ ಮಿಕ್ಕಿದ್ದನ್ನು ಸುರಿಯುವ ಜಾಗ ಅಂತ ಅದನ್ನು ನೋಡಿದರೆ ನಡೆಯುವುದಿಲ್ಲ.

ಕೋಲ್ಡ್ ಸ್ಟೋರೇಜ್ ಕೂಡ ಹಾಗೇ. ನಮ್ಮ ದೇಶದ ಶೀತಲ ಗೋದಾಮುಗಳಲ್ಲಿ ದೊಡ್ಡ ಭಾಗ ಆಲೂಗಡ್ಡೆಗೇ ಮೀಸಲು, ಅದೂ ಉತ್ತರ ಪ್ರದೇಶ, ಪಶ್ಚಿಮ ಬಂಗಾಳದಲ್ಲಿ ಜಾಸ್ತಿ. ಆಲೂಗಡ್ಡೆ ತಿಂಗಳುಗಟ್ಟಲೆ ಇರುತ್ತದೆ. ಟೊಮೆಟೊ ಎರಡು ಮೂರು ವಾರಕ್ಕಿಂತ ಜಾಸ್ತಿ ತಡೆಯದು. ಬೆಲೆ ಕುಸಿತ ಎರಡು ತಿಂಗಳು ನಡೆದರೆ ಅದರಿಂದ ಪ್ರಯೋಜನ ಇಲ್ಲ. 2018ರ ಬಜೆಟ್‌ನಲ್ಲಿ ಈ ಮೂರು ತರಕಾರಿಗೆಂದೇ 500 ಕೋಟಿಯ ಆಪರೇಷನ್ ಗ್ರೀನ್ಸ್ ಘೋಷಿಸಿದರು, ಆಮೇಲೆ ಅದನ್ನು ಬೇರೆ ಬೆಳೆಗಳಿಗೂ ಹಿಗ್ಗಿಸಿದರು. ಆ ಯೋಜನೆ ಬಂದಮೇಲೂ 2023 ನಡೆಯಿತು, 2024 ನಡೆಯಿತು.

ಹಾಗಾದರೆ ದಾರಿ ಯಾವುದು? ನನ್ನ ಲೆಕ್ಕದಲ್ಲಿ ಮೊದಲು ಬೇಕಾದ್ದು ಬಿದ್ದ ಬೆಲೆಗೆ ಒಂದು ನೆಲ. ಭತ್ತ, ರಾಗಿ, ತೊಗರಿಗೆ ಬೆಂಬಲ ಬೆಲೆ ಇದೆ, ತರಕಾರಿಗೆ ಇಲ್ಲ. ಎಲ್ಲ ತರಕಾರಿಯನ್ನೂ ಸರ್ಕಾರ ಕೊಂಡು ಗೋದಾಮಿನಲ್ಲಿ ಇಡಲಾಗದು, ಅದು ಸರಿ. ಧಾನ್ಯದಲ್ಲೂ ಬರೀ ಬೆಲೆ ಘೋಷಣೆ ಮಾಡಿದರೆ ಸಾಲದು ಅನ್ನುವುದನ್ನು 2025ರ ನವೆಂಬರ್‌ನಲ್ಲಿ ಮೆಕ್ಕೆಜೋಳದ ರೈತರು ತೋರಿಸಿಕೊಟ್ಟರು. ಬೆಂಬಲ ಬೆಲೆ ಕ್ವಿಂಟಲ್‌ಗೆ 2,400, ಮಂಡಿಯಲ್ಲಿ ಅದಕ್ಕಿಂತ ನೂರಾರು ರೂಪಾಯಿ ಕಮ್ಮಿ. ಆದರೆ ಮಾಲು ಮುಟ್ಟದೇ ವ್ಯತ್ಯಾಸದ ದುಡ್ಡು ಕೊಡುವ ದಾರಿ ಇದೆ. 2025ರ ಜುಲೈನಲ್ಲಿ ನಮ್ಮ ತೋತಾಪುರಿ ಮಾವಿನ ಬೆಲೆ ಬಿದ್ದಾಗ ಅದನ್ನೇ ಮಾಡಿದರು. ಕ್ವಿಂಟಲ್‌ಗೆ 1,616 ರೂಪಾಯಿ ಅಂತ ಗೊತ್ತು ಮಾಡಿ, 2.5 ಲಕ್ಷ ಟನ್‌ವರೆಗೆ ವ್ಯತ್ಯಾಸ ಕೊಡಲು ಕೇಂದ್ರ ಒಪ್ಪಿತು, ಖರ್ಚು ಕೇಂದ್ರ ಮತ್ತು ರಾಜ್ಯಕ್ಕೆ ಅರ್ಧರ್ಧ. ಕೇರಳ 2020ರ ನವೆಂಬರ್ 1ರಿಂದಲೇ 16 ಬೆಳೆಗಳಿಗೆ ಮೂಲ ಬೆಲೆ ಇಟ್ಟಿದೆ. ಉತ್ಪಾದನಾ ವೆಚ್ಚದ ಮೇಲೆ ಶೇ 20 ಸೇರಿಸಿ ಲೆಕ್ಕ ಹಾಕಿದ ಬೆಲೆ ಅದು.

ಮಾವಿನ ವಿಷಯದಲ್ಲಿ ಆದದ್ದು ಒಳ್ಳೆಯದೇ. ಆದರೆ ಈ ಯೋಜನೆಯಲ್ಲಿ ಬೆಲೆ ಬಿದ್ದಮೇಲೆ ರಾಜ್ಯ ಪತ್ರ ಬರೆಯಬೇಕು, ಕೇಂದ್ರ ನೋಡಬೇಕು, ಒಪ್ಪಬೇಕು. ಮಾವಿನ ಮರ ಮುಂದಿನ ವರ್ಷವೂ ಅಲ್ಲೇ ಇರುತ್ತದೆ, ಕಾಯುತ್ತದೆ. ಟೊಮೆಟೊ ಗಿಡ ಕಾಯುವುದಿಲ್ಲ. ಬೆಲೆ ಇಂಥ ಗೆರೆಗಿಂತ ಕೆಳಗೆ ಹೋದರೆ ಅರ್ಜಿ, ಪತ್ರ ಇಲ್ಲದೇ ಆ ವಾರವೇ ದುಡ್ಡು ಖಾತೆಗೆ ಬೀಳುವ ಹಾಗೆ ಮೊದಲೇ ಬರೆದಿಡಬೇಕು. ಗೆರೆ ಲಾಭ ಕೊಡುವಷ್ಟು ಎತ್ತರದಲ್ಲಿ ಇರಬೇಕಿಲ್ಲ. ಕೀಳುವ ಕೂಲಿ, ಸಾಗಿಸುವ ಖರ್ಚು ಹುಟ್ಟಿ, ಒಂದು ಔಷಧಿ ಹೊಡೆಯುವ ಮನಸ್ಸು ಬರುವಷ್ಟು ಇದ್ದರೆ ಸಾಕು. ಬೆಳೆ ಉಳಿಯುತ್ತದೆ. ಬಿಳಿ ಚೀಟಿ ನಿಂತು ಪ್ರತಿ ಬಾಕ್ಸ್‌ಗೂ ಅಧಿಕೃತ ರಸೀದಿ ಬಂದರೆ ಮಾತ್ರ ಇದು ಸಾಧ್ಯ, ಯಾಕೆಂದರೆ ಯಾರು ಎಷ್ಟು ಮಾರಿದರು ಅನ್ನುವುದಕ್ಕೆ ಬೇರೆ ದಾಖಲೆ ಇಲ್ಲ.

ಎರಡನೆಯದಕ್ಕೆ ಖರ್ಚೇ ಇಲ್ಲ. ನರ್ಸರಿಗಳಲ್ಲಿ ಸಸಿ ಎಣಿಸುವುದು. ಈಗ ಬೀಜ ಹಾಕಿ ಟೊಮೆಟೊ ಬೆಳೆಯುವವರು ಕಮ್ಮಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬಹುಪಾಲು ಸಸಿ ನರ್ಸರಿಯಿಂದಲೇ ಹೋಗುತ್ತದೆ, 98 ಗುಂಡಿಯ ಟ್ರೇಗಳಲ್ಲಿ. ಈ ವಾರ ಎಷ್ಟು ಟ್ರೇ ಹೋಯಿತು ಅನ್ನುವುದು ಪ್ರತಿ ನರ್ಸರಿಯವರಿಗೂ ಗೊತ್ತು. ಅದನ್ನು ಒಂದು ಕಡೆ ಕೂಡಿಸಿ ವಾರಕ್ಕೊಮ್ಮೆ ಪ್ರಕಟಿಸಿದರೆ, ಎರಡು ತಿಂಗಳ ನಂತರ ಮಾರುಕಟ್ಟೆಗೆ ಎಷ್ಟು ಬರುತ್ತದೆ ಅಂತ ರೈತನಿಗೂ ಗೊತ್ತಾಗುತ್ತದೆ, ಸರ್ಕಾರಕ್ಕೂ ಗೊತ್ತಾಗುತ್ತದೆ. ಈಗ ಬಿತ್ತನೆ ಪ್ರದೇಶದ ಅಂದಾಜು ಬರುವ ಹೊತ್ತಿಗೆ ಹಣ್ಣು ಮಾರಿ ಮುಗಿದಿರುತ್ತದೆ.

ಇದು ನನ್ನ ತಲೆಯಲ್ಲಿ ಹೊಳೆದದ್ದಲ್ಲ. 2023ರ ಆ ಏಪ್ರಿಲ್‌ನಲ್ಲಿ ತೋಟದಿಂದ ವಾಪಸ್ ಬರುವಾಗ ದಾರಿಯಲ್ಲಿ ಒಂದು ನರ್ಸರಿ ಹತ್ತಿರ ನೀರು ಕುಡಿಯಲು ನಿಲ್ಲಿಸಿದ್ದೆವು. ಹಸಿರು ಬಲೆಯ ಕೆಳಗೆ ಸಾಲಾಗಿ ಟ್ರೇಗಳು. ಅರ್ಧಕ್ಕೆ ಅರ್ಧ ಸಸಿ ವಯಸ್ಸು ಮೀರಿ ಉದ್ದ ಬೆಳೆದು, ಕೆಳಗಿನ ಎಲೆ ಹಳದಿಯಾಗಿ ಬಾಗಿದ್ದವು. ಕೊಳ್ಳಲು ಯಾರೂ ಬರುತ್ತಿಲ್ಲ ಅಂದರು ನರ್ಸರಿಯವರು. ಒಂದು ಟ್ರೇ ಎತ್ತಿ, ಬುಡ ಸಮೇತ ಸಸಿಗಳನ್ನು ಗುಂಡಿಗೆ ಕೊಡವುತ್ತಾ, “ಇದು ಹೋಗದೇ ಇದ್ರೆ ಜುಲೈನಲ್ಲಿ ಟೊಮೆಟೊ ಎಲ್ಲಿಂದ ಬರುತ್ತೆ ಸಾರ್? ನೋಡ್ತಾ ಇರಿ, ರೇಟು ಆಕಾಶಕ್ಕೆ ಹೋಗುತ್ತೆ” ಅಂದರು.

ದೆಹಲಿಯಲ್ಲಿ 90 ರೂಪಾಯಿ ಟೊಮೆಟೊದ ವ್ಯಾನ್ ಹೊರಟಿದ್ದು ಆ ವರ್ಷದ ಜುಲೈ 14ಕ್ಕೆ.